ಅಣ್ಣನೇ ನಂಬಿಕೆ ಮುರಿದರೆ ಕ್ಷಮಿಸಲೇಬೇಕೆ?

ಪ್ರಶ್ನೆ: ಅಪ್ಪ ತೀರಿದ ಮ್ಯಾಲ ಬೆಳೆ ಸಾಲದ ಕಾಗದ ಅಂತ ಹೇಳಿ ಅಣ್ಣ ನನ್ನ ಕಡಿಂದ ಸಹಿ ಮಾಡಿಸ್ಕೊಂಡ. ಆಮ್ಯಾಲ ನೋಡಿದ್ರ ಅದು ಹಕ್ಕು ಬಿಟ್ಟುಕೊಟ್ಟ ಪತ್ರ. ತೊಗರಿ ಹೊಲ ಪೂರಾ ಅವನ ಹೆಸರಿಗಿ ಆಗ್ಯಾದ. ಪಂಚಮಿಗಿ ತವರಿಗಿ ಹೋಗೂದು ಬಿಟ್ಟೀನಿ. ಪೂಜಾಕ್ಕ ಕುಂತ್ರ ಅದೇ ನೆನಪ ಬರ್ತದ. ಎಲ್ಲಾರೂ ‘ಬಿಟ್ಟುಬಿಡವ್ವ, ದೇವರು ನೋಡ್ಕೋತಾನ’ ಅಂತಾರ. ಕ್ಷಮಾ ಮಾಡಲೇಬೇಕೇನ್ರಿ? ಮಾಡದಿದ್ರ ಪಾಪ ಬರ್ತದೇನು?
(ಚಿತ್ತಾಪುರ ತಾಲ್ಲೂಕಿನ ಓದುಗರು)

ಪಾಪ ಬರುವುದಿಲ್ಲ. ಮೊದಲು ಆ ಭಾರವನ್ನು ಇಳಿಸಿಬಿಡಿ. ನಿಮ್ಮ ಒಂದೇ ಪ್ರಶ್ನೆಯಲ್ಲಿ ಮೂರು ಸೇರಿಕೊಂಡಿವೆ: ಒಳಗಿನ ಉರಿ ಆರುವುದು ಹೇಗೆ, ಹೊಲದ ವಿಷಯ ಏನು ಮಾಡುವುದು, ಅಣ್ಣನ ಜೊತೆ ಮತ್ತೆ ಮೊದಲಿನಂತೆ ಇರಬೇಕೆ. ‘ಕ್ಷಮಿಸಿಬಿಡು’ ಅನ್ನುವವರು ಮೂರನ್ನೂ ಒಂದೇ ಗಂಟು ಕಟ್ಟಿ ನಿಮ್ಮ ತಲೆಯ ಮೇಲೆ ಹೊರಿಸುತ್ತಿದ್ದಾರೆ. ಉರಿ ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ಜಪ, ಪೂಜೆ, ಸೇವೆ ಇರುವುದೇ ಅದಕ್ಕೆ. ನಂಬಿಕೆ ಮತ್ತೆ ಹುಟ್ಟುವುದು ಮಾತ್ರ ಅಣ್ಣನ ನಡೆಯಿಂದ. ಅದನ್ನು ನೀವು ಎಷ್ಟು ಜಪ ಮಾಡಿದರೂ ಅವನ ಪರವಾಗಿ ಹುಟ್ಟಿಸಲಾರಿರಿ.

ದಾಯಾದಿಗಳೇ ಮೋಸದಿಂದ ಆಸ್ತಿ ಕಿತ್ತುಕೊಂಡಾಗ ಏನು ಮಾಡಬೇಕೆಂಬ ಚರ್ಚೆ ಮಹಾಭಾರತದಲ್ಲೇ ಇದೆ. ಜೂಜಿನಲ್ಲಿ ಎಲ್ಲ ಕಳೆದುಕೊಂಡು ದ್ವೈತವನದಲ್ಲಿ ಕೂತಾಗ ದ್ರೌಪದಿ ಧರ್ಮರಾಯನಿಗೆ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನು ನೆನಪಿಸುತ್ತಾಳೆ. ಸದಾ ಸಿಟ್ಟೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ ಎಂದೇ ಪ್ರಹ್ಲಾದ ಶುರು ಮಾಡುತ್ತಾನೆ. ಯಾವಾಗಲೂ ಕ್ಷಮಿಸುವವನ ಬಟ್ಟೆ, ಒಡವೆ, ವಾಹನಗಳನ್ನು ಅವನ ಸುತ್ತಲಿನವರೇ ಮನಬಂದಂತೆ ಎತ್ತಿಕೊಳ್ಳುತ್ತಾರೆ ಅನ್ನುತ್ತಾನೆ. ಆಮೇಲೆ ಅಳೆಯುವ ಬಗೆ ಹೇಳುತ್ತಾನೆ. ಹಿಂದೆ ನಿಮಗೆ ಉಪಕಾರ ಮಾಡಿದವನಾದರೆ ದೊಡ್ಡ ತಪ್ಪನ್ನೂ ಆ ಉಪಕಾರ ನೆನೆದು ಕ್ಷಮಿಸಬಹುದು. ತಿಳಿಯದೆ ಮಾಡಿದ್ದನ್ನು ಕ್ಷಮಿಸಬೇಕು. ಯಾರದೇ ಆಗಲಿ ಮೊದಲ ತಪ್ಪಿಗೆ ಕ್ಷಮೆಯಿದೆ, ಎರಡನೆಯದು ಸಣ್ಣದಾದರೂ ದಂಡನೆ. ಬೇಕೆಂದೇ ಮಾಡಿ ‘ನನಗೆ ಗೊತ್ತಿರಲಿಲ್ಲ’ ಅನ್ನುವ ವಕ್ರಬುದ್ಧಿಯವನಿಗೆ ಸಣ್ಣ ತಪ್ಪಿಗೂ ಕ್ಷಮೆ ಇಲ್ಲ.

ಧರ್ಮರಾಯ ಇದಕ್ಕೆ ಎದುರಾಗಿ ಕ್ಷಮೆಯ ಹಿರಿಮೆಯನ್ನು ಉದ್ದಕ್ಕೂ ಹೇಳುತ್ತಾನೆ, ಅದನ್ನೂ ಓದಬೇಕು. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಧರ್ಮರಾಯನ ಮಾತನ್ನಷ್ಟೇ ಹೇಳಿ ದ್ರೌಪದಿಯ ಮಾತನ್ನು ಮುಚ್ಚಿಡುತ್ತಾರೆ. ಅದು ಸರಿಯಲ್ಲ. ಈ ಅಳತೆಯಲ್ಲಿ ನಿಮ್ಮ ಅಣ್ಣನನ್ನು ನೀವೇ ತೂಗಿ ನೋಡಿ. ಅಪ್ಪನ ಕಾಯಿಲೆಯಲ್ಲಿ, ನಿಮ್ಮ ಮದುವೆಯಲ್ಲಿ ಹೆಗಲು ಕೊಟ್ಟವನೇ? ಕೇಳಿದಾಗ ಒಪ್ಪಿಕೊಂಡನೇ, ಇಲ್ಲ ‘ಓದಿಯೇ ಸಹಿ ಹಾಕಿದ್ದೀಯಲ್ಲ’ ಎಂದನೇ? ಎರಡನೆಯ ಪ್ರಶ್ನೆಯ ಉತ್ತರದಲ್ಲೇ ಮುಕ್ಕಾಲು ತೀರ್ಮಾನ ಇರುತ್ತದೆ.

ಹೊಲದ ವಿಷಯ ಮುಂದೂಡಬೇಡಿ. ‘ದೇವರು ನೋಡ್ಕೋತಾನ’ ಅನ್ನುತ್ತ ಕೂತರೆ ಆಗುವ ಅತಿದೊಡ್ಡ ನಷ್ಟ ಇಲ್ಲೇ. ಮೋಸದಿಂದ ಮಾಡಿಸಿದ ಪತ್ರವನ್ನು ರದ್ದು ಮಾಡಿಸಲು ಮೋಸ ಗೊತ್ತಾದಾಗಿನಿಂದ 3 ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆ ಪತ್ರದ ದೃಢೀಕೃತ ನಕಲು, ಹಳೆಯ ಮತ್ತು ಈಗಿನ ಪಹಣಿ, ಮ್ಯುಟೇಶನ್ ನಕಲು ತೆಗೆಸಿಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಸಹಾಯವಾಣಿ 15100. ಕೋರ್ಟಿಗೆ ಹೋಗುವವರ ಭಕ್ತಿ ಕಡಿಮೆ ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಕೃಷ್ಣನೇ ಸಂಧಾನಕ್ಕೆ ಹೋಗಿ ಪಾಂಡವರ ಪಾಲು ಕೇಳಿದ.

ಇನ್ನು ಒಳಗಿನ ಉರಿ. ಪೂಜೆಗೆ ಕೂತಾಗಲೇ ಆ ನೆನಪು ಬರುವುದಕ್ಕೆ ನಿಮ್ಮ ಭಕ್ತಿಯ ಕೊರತೆ ಕಾರಣವಲ್ಲ. ಇಡೀ ದಿನ ಕೆಲಸದ ಗದ್ದಲದಲ್ಲಿ ಒಳಗಿದ್ದದ್ದು ಸುಮ್ಮನೆ ಕೂತ ಕೂಡಲೇ ಮೇಲೆ ಬರುತ್ತದೆ. ಮೊದಲ ಒಂದೆರಡು ವಾರ ಸಿಟ್ಟು ಹೆಚ್ಚಾದಂತೆಯೂ ಅನಿಸಬಹುದು. ಬಹಳ ಜನ ಇಲ್ಲೇ ಹೆದರಿ ಪೂಜೆ ಬಿಡುತ್ತಾರೆ. ಗೀತೆಯ ಎರಡನೇ ಅಧ್ಯಾಯದ 62, 63ನೇ ಶ್ಲೋಕಗಳು ಇದರ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತವೆ: ಒಂದನ್ನೇ ಮೆಲುಕು ಹಾಕುವುದರಿಂದ ಅಂಟು, ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಅಲ್ಲಿಂದ ನೆನಪಿನ ತಪ್ಪು, ಕೊನೆಗೆ ಬುದ್ಧಿಯ ನಾಶ. ಸಾಧನೆ ಕೈಹಾಕಬೇಕಾದದ್ದು ಮೊದಲ ಮೆಟ್ಟಿಲಿಗೆ, ಅಂದರೆ ಮೆಲುಕಿಗೆ. ಸಿಟ್ಟು ಬಂದ ಮೇಲೆ ಅದನ್ನು ಅದುಮಲು ಹೋದರೆ ತಡವಾಗಿರುತ್ತದೆ.

ಬೆಳಿಗ್ಗೆ ಅರ್ಧ ಗಂಟೆ ಸಾಕು, 48 ದಿನದ ಒಂದು ಮಂಡಲ ಹಿಡಿಯಿರಿ. ಸ್ನಾನ, ವಿಭೂತಿ, ದೀಪ ಆದ ಮೇಲೆ ಸಂಕಲ್ಪ. ಸಂಕಲ್ಪದ ಮಾತು ಬಹಳ ಮುಖ್ಯ. ‘ಅವನಿಗೆ ತಕ್ಕ ಶಾಸ್ತಿಯಾಗಲಿ’ ಎಂದು ಶುರು ಮಾಡಿದರೆ ಇಡೀ ಜಪ ಅವನ ಸುತ್ತಲೇ ಸುತ್ತುತ್ತದೆ. ‘ಅವನನ್ನು ಕ್ಷಮಿಸಿದ್ದೇನೆ’ ಎಂಬುದೂ ಬೇಡ, ಇನ್ನೂ ಕ್ಷಮಿಸದೆ ಹಾಗೆ ಹೇಳಿದರೆ ದೇವರ ಮುಂದೆ ಸುಳ್ಳಾಡಿದಂತೆ. ‘ನನ್ನ ಮನಸ್ಸಿನ ಉರಿ ಆರಲಿ, ನನಗೆ ಸರಿಯಾದ ಬುದ್ಧಿ ಕೊಡು’, ಇಷ್ಟೇ ಹೇಳಿ.

ಆಮೇಲೆ 10 ಸಲ ನಿಧಾನ ಉಸಿರು, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಂತರ 108 ಮಣಿಯ ಒಂದು ಮಾಲೆ ‘ಓಂ ನಮಃ ಶಿವಾಯ’, ಅಥವಾ ನಿಮ್ಮ ಮನೆದೇವರ ನಾಮ. ಮಣಿ ಮಧ್ಯದ ಬೆರಳಿನ ಮೇಲಿರಲಿ, ಹೆಬ್ಬೆರಳಿನಿಂದ ಎಳೆಯಿರಿ, ತೋರುಬೆರಳು ತಾಗದಿರಲಿ, ಮಾಲೆಯ ತುದಿಯ ಮೇರು ಮಣಿ ದಾಟದೆ ಅಲ್ಲಿಂದ ಹಿಂತಿರುಗಿ. ಆತುರಪಡದಿದ್ದರೆ ಆರೆಂಟು ನಿಮಿಷ ಹಿಡಿಯುತ್ತದೆ. ಇಪ್ಪತ್ತನೇ ಮಣಿಗೆ ಅಣ್ಣನ ಮುಖ ಬಂದೇ ಬರುತ್ತದೆ. ಆಗ ಮಾಲೆ ಮೊದಲಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಎಂದೂ ಮುಗಿಯದು, ಮುಗಿಯಲಿಲ್ಲ ಎಂಬ ಬೇಸರ ಬೇರೆ. ಬಂದದ್ದನ್ನು ಗಮನಿಸಿ, ಬೆರಳನ್ನು ಮುಂದಿನ ಮಣಿಗೆ ಸರಿಸಿ, ನಾಮವನ್ನು ಸ್ವಲ್ಪ ಗಟ್ಟಿಯಾಗಿ ಹೇಳಿ. ನೂರೆಂಟು ಸಲ ಹೀಗೆ ಹಿಂತಿರುಗಿದರೂ ಅದು ಪೂರ್ಣ ಜಪವೇ. ಲಿಂಗಧಾರಣೆ ಆದವರು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅರೆಗಣ್ಣಿನಲ್ಲಿ ಕೂತರೆ, ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಚುಕ್ಕೆಯಾಗಿ ಕಾಣುತ್ತದೆ. ದೃಷ್ಟಿ ಆ ಚುಕ್ಕೆಯ ಮೇಲೆ ನಿಂತಷ್ಟು ಹೊತ್ತು ಮೆಲುಕು ನಿಲ್ಲುತ್ತದೆ. ಕಣ್ಣು ಪೂರ್ತಿ ಮುಚ್ಚಿದರೆ ನೆನಪು ನುಗ್ಗುವವರಿಗೆ ಇದು ಜಪಕ್ಕಿಂತ ಸುಲಭ.

ಕೊನೆಗೆ ಬಸವಣ್ಣನವರ ಸಾಲನ್ನು ಬಾಯಿಬಿಟ್ಟು ಹೇಳಿ: ‘ಮನೆಯೊಳಗಣ ಕಿಚ್ಚು ಮನೆಯ ಸುಟ್ಟಲ್ಲದೆ ನೆರೆಮನೆಯ ಸುಡದು’. ಮಧ್ಯರಾತ್ರಿ ಎಚ್ಚರವಾದರೆ ಎದ್ದು ಪೂಜೆಗೆ ಕೂರುವುದು ಬೇಡ. ಮಲಗಿದಲ್ಲೇ ಉಸಿರು ಬಿಡುವಾಗ ಮಾತ್ರ ಒಂದು ನಾಮ. ಸೋಮವಾರದ ಉಪವಾಸ ಒಳ್ಳೆಯದೇ, ಆದರೆ ನಿದ್ದೆಗೆಟ್ಟವರು ನಿರಾಹಾರ ಹಿಡಿದರೆ ಸಿಡುಕು ಏರುತ್ತದೆ. ಶುಗರ್, ಬಿಪಿ ಇದ್ದವರು ಒಂದು ಹೊತ್ತಿನ ಫಲಾಹಾರವನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು. ಎರಡು ವಾರ ದಾಟಿದರೂ ನಿದ್ದೆ ಬರದಿದ್ದರೆ, ಇಲ್ಲವೇ ಬದುಕೇ ಬೇಡ ಅನಿಸಿದರೆ, ಅದೇ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಮೋಸ ಹೋದವರಿಗೆ ಇನ್ನೊಂದು ಗಾಯ ಆಗಿರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಯಾರು ಏನು ಕೊಟ್ಟರೂ ‘ಇದರ ಹಿಂದೆ ಏನಿದೆಯೋ’ ಅನಿಸುತ್ತದೆ. ಕೈ ಚಾಚುವುದೇ ಮರೆತುಹೋಗುತ್ತದೆ. ಇದಕ್ಕೆ ಅಫಜಲಪುರ ತಾಲ್ಲೂಕಿನ ದತ್ತಕ್ಷೇತ್ರ ಗಾಣಗಾಪುರದ ಮಧುಕರಿಗಿಂತ, ಅಂದರೆ ಮನೆಮನೆಯ ಭಿಕ್ಷೆಗಿಂತ, ಒಳ್ಳೆಯ ಸಾಧನೆ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಭೀಮಾ–ಅಮರಜಾ ಸಂಗಮದಲ್ಲಿ ಸ್ನಾನ, ಔದುಂಬರ (ಅತ್ತಿ) ಮರಕ್ಕೆ ಪ್ರದಕ್ಷಿಣೆ, ಮಠದ ಸಣ್ಣ ಕಿಂಡಿಯಿಂದ ನಿರ್ಗುಣ ಪಾದುಕೆಯ ದರ್ಶನ, ಮಧ್ಯಾಹ್ನದ ಹೊತ್ತಿಗೆ ಜೋಳಿಗೆ ಹಿಡಿದು ಕನಿಷ್ಠ ಐದು ಕಡೆ ಭಿಕ್ಷೆ. ಪರಿಚಯವೇ ಇಲ್ಲದವರು ರೊಟ್ಟಿ, ಅನ್ನ, ಸಿಹಿ ಹಾಕುತ್ತಾರೆ. ನಿಮ್ಮ ಹೆಸರು ಕೇಳುವುದಿಲ್ಲ, ಯಾವ ಕಾಗದಕ್ಕೂ ಸಹಿ ಕೇಳುವುದಿಲ್ಲ. ಆ ಅನ್ನವನ್ನು ಆರಿಸದೆ, ಹೆಸರಿಡದೆ, ಅಲ್ಲೇ ಕೂತು ಉಣ್ಣಬೇಕು. ಹಣವಂತರಿಗೆ ಮೊದಲ ಮನೆಯ ಮುಂದೆ ಕೈ ಚಾಚುವಾಗ ಮೈ ಹಿಡಿಯಾಗುತ್ತದೆ. ಐದನೆಯದರ ಹೊತ್ತಿಗೆ ಆ ಬಿಗಿ ಸಡಿಲವಾಗುತ್ತದೆ. ಗುರುವಾರ, ಹುಣ್ಣಿಮೆ ಜನ ಬಹಳ, ಬೇರೆ ದಿನ ಹೋಗಿ. ದೂರ ಹೋಗಲಾಗದಿದ್ದರೆ ಕಲಬುರಗಿಯ ಶರಣಬಸವೇಶ್ವರ ಗುಡಿಯ ದಾಸೋಹದ ಪಂಕ್ತಿಯಲ್ಲಿ ಕೂತು ಉಣ್ಣಿ, ಸಾಧ್ಯವಾದರೆ ಸೇವೆಗೂ ಕೈಜೋಡಿಸಿ.

ಇದೇ ಹೊತ್ತಿನಲ್ಲಿ ಎಚ್ಚರ ಬೇಕು. ಒಮ್ಮೆ ಮೋಸಹೋಗಿ ಕಂಗಾಲಾದವರನ್ನು ಹುಡುಕಿಕೊಂಡು ಬರುವವರಿದ್ದಾರೆ: ‘ಅಣ್ಣನ ಹೆಂಡ್ತಿ ಮಾಟ ಮಾಡಿಸ್ಯಾಳ, ತೆಗಿತೀನಿ’ ಎಂದು ಸಾವಿರಗಟ್ಟಲೆ ಕೇಳುತ್ತಾರೆ. ಇಂಥವುಗಳ ವಿರುದ್ಧ ರಾಜ್ಯದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಅಣ್ಣನನ್ನು ಗುಡಿಗೆ ಎಳೆದು ಕರ್ಪೂರ ಮುಟ್ಟಿಸಿ ಆಣೆ ಮಾಡಿಸುವುದೂ ಬೇಡ. ಸಹಿ ಸುಳ್ಳು ಹೇಳಿ ಪಡೆದವನಿಗೆ ಇನ್ನೊಂದು ಸುಳ್ಳು ಕಷ್ಟವಲ್ಲ, ಆಮೇಲೆ ನಿಮಗೆ ಆ ಗುಡಿಯ ಮೇಲೂ ಬೇಸರ ಹುಟ್ಟುತ್ತದೆ.

ಪಂಚಮಿಯ ಮಾತಿಗೆ ಬರೋಣ. ನಾಗಪ್ಪನಿಗೆ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಹೇಳುತ್ತ ಬಂದು ‘ಅಣ್ಣನ ಪಾಲು’ ಅನ್ನುವಲ್ಲಿ ಕೈ ತಡೆಯುತ್ತದೆ ಎಂದಾದರೆ, ಈ ವರ್ಷ ಬಿಟ್ಟುಬಿಡಿ, ದೋಷವಿಲ್ಲ. ಎರೆಯಬೇಕೆನಿಸಿದರೆ ನಿಮ್ಮ ಊರಿನ ಹುತ್ತಕ್ಕೇ ಎರೆಯಿರಿ. ಅವನಿಗೆ ಕೇಡು ಬಯಸದಿರಲು ಅವನ ಮನೆಗೆ ಹೋಗಬೇಕಾಗಿಲ್ಲ. ಪತಂಜಲಿಯೂ ಮೊದಲ ಪಾದದ 33ನೇ ಸೂತ್ರದಲ್ಲಿ ಸುಖಿಗಳ ಜೊತೆ ಸ್ನೇಹ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ ಎಂದವನು ಕೆಟ್ಟದ್ದು ಮಾಡಿದವರ ವಿಷಯದಲ್ಲಿ ಕೇಳುವುದು ಉಪೇಕ್ಷೆಯನ್ನು ಮಾತ್ರ. ಮಾತು ಮತ್ತೆ ಶುರು ಮಾಡಬೇಕೆನಿಸಿದಾಗ ದಸರೆಯ ಬನ್ನಿ ಒಳ್ಳೆಯ ಸಂದರ್ಭ. ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಅಂದು, ಹಿರಿಯರಾದರೆ ನಮಸ್ಕರಿಸಿ ಬಾಗಿಲಿಂದಲೇ ಬರಬಹುದು. ಆ ದಿನ ಹೊಲದ ಮಾತು ತೆಗೆಯಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಅಣ್ಣನೇ ಬಂದು ‘ತಪ್ಪಾಯ್ತು ತಂಗಿ’ ಅಂದರೆ? ಧರ್ಮಶಾಸ್ತ್ರ ಪ್ರಾಯಶ್ಚಿತ್ತಕ್ಕೆ ಬಾಯಿಬಿಟ್ಟು ಹೇಳಿಕೊಳ್ಳುವುದು, ಪಶ್ಚಾತ್ತಾಪ, ಇನ್ನೊಮ್ಮೆ ಮಾಡೆನೆಂಬ ನಿಶ್ಚಯ ಇವನ್ನು ಕೇಳುತ್ತದೆ. ನೀವೂ ಅದನ್ನೇ ಕೇಳಿ. ಯಾರೂ ಇಲ್ಲದಾಗ ಅಡುಗೆಮನೆಯಲ್ಲಿ ಅಂದದ್ದನ್ನು ಅವ್ವ, ಕಾಕಾ, ನಿಮ್ಮ ಮನೆಯವರ ಎದುರು ಹೇಳಲಿ. ಕಾಗದ ಸರಿಪಡಿಸಿಕೊಡುವ ದಿನಾಂಕ ಅವನ ಬಾಯಿಂದಲೇ ಬರಲಿ. ಆ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ನಿಮ್ಮ ವಕೀಲರನ್ನೂ ಕರೆದುಕೊಂಡು ಹೋಗಿ, ಪ್ರತಿ ಪುಟ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.