ಜಸ್ಟಿನಿಯನ್ ರವೆನ್ನಾಕ್ಕೆ ಬಂದಿದ್ದನೇ?

ಪ್ರಶ್ನೆ: ಇಟಲಿಯ ರವೆನ್ನಾದಲ್ಲಿ ನಮಗೆ ಒಂದೇ ದಿನ ಸಿಗುತ್ತದೆ. ಯಾವ ಚರ್ಚುಗಳನ್ನು ನೋಡಬೇಕು? ಆರನೆಯ ಶತಮಾನದ ಬೈಜಾಂಟೈನ್ (ಪೂರ್ವ ರೋಮನ್) ಚಕ್ರವರ್ತಿ ಜಸ್ಟಿನಿಯನ್ ಸ್ವತಃ ಬಂದು ಕಾಣಿಕೆ ಅರ್ಪಿಸಿದ ಚರ್ಚ್ ಯಾವುದು?

ಉತ್ತರ: ಸಾನ್ ವಿತಾಲೆ, ಅದರ ಪಕ್ಕದಲ್ಲೇ ಇರುವ ಗಾಲಾ ಪ್ಲಾಸಿಡಿಯಾ ಸಮಾಧಿ ಮಂದಿರ ಮತ್ತು ಸಾಂತಪೊಲ್ಲಿನಾರೆ ನುವೊವೊ, ಈ ಮೂರನ್ನು ತಪ್ಪಿಸಬೇಡಿ. ಸಮಯ ಉಳಿದರೆ ಕವಿ ಡಾಂಟೆಯ ಸಮಾಧಿಗೆ ನಡೆದೇ ಹೋಗಬಹುದು.

ಎರಡನೆಯ ಪ್ರಶ್ನೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಹೇಳುತ್ತೇನೆ. ಜಸ್ಟಿನಿಯನ್ ರವೆನ್ನಾಕ್ಕೆ ಬಂದೇ ಇರಲಿಲ್ಲ. ಅವನ ರಾಣಿ ಥಿಯೊಡೋರಾ ಕೂಡ ಬಂದಿರಲಿಲ್ಲ. ಸಾನ್ ವಿತಾಲೆಯ ಬಲಿಪೀಠದ ಹಿಂಬದಿಯ ಗೋಡೆಗಳಲ್ಲಿ ಅವನು ಚಿನ್ನದ ತಟ್ಟೆಯನ್ನೂ ಅವಳು ಪಾನಪಾತ್ರೆಯನ್ನೂ ಹಿಡಿದು ನಿಂತಿರುವ ಮೊಸಾಯಿಕ್ ಚಿತ್ರಗಳನ್ನು (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದವು) ನೋಡಿದವರು ಅದನ್ನು ನಡೆದ ಘಟನೆಯ ದಾಖಲೆಯೆಂದು ನಂಬಿಬಿಡುತ್ತಾರೆ. ದಯವಿಟ್ಟು ಕಾಲಕ್ರಮವನ್ನು ಗಮನಿಸಿ. ಚರ್ಚನ್ನು ಆರಂಭಿಸಿದವನು ಬಿಷಪ್ ಎಕ್ಲೇಸಿಯಸ್, ಅದೂ ನಗರವು ಇನ್ನೂ ಗಾತರೆಂಬ ಜರ್ಮನಿಕ್ ಜನಾಂಗದ ಆಳ್ವಿಕೆಯಲ್ಲಿದ್ದಾಗ. ಹಣ ಕೊಟ್ಟವನು ಜೂಲಿಯಸ್ ಅರ್ಜೆಂಟೇರಿಯಸ್ ಎಂಬ ಸ್ಥಳೀಯ ಧನಿಕ. ಜಸ್ಟಿನಿಯನ್ನನ ಸೇನಾಪತಿ ಬೆಲಿಸೇರಿಯಸ್ ನಗರವನ್ನು ವಶಪಡಿಸಿಕೊಂಡದ್ದು 540ರಲ್ಲಿ. ಬಿಷಪ್ ಮ್ಯಾಕ್ಸಿಮಿಯನ್ ಚರ್ಚನ್ನು ಪವಿತ್ರೀಕರಿಸಿದ್ದು 547ರಲ್ಲಿ. ಚಕ್ರವರ್ತಿಯ ಪಕ್ಕದಲ್ಲಿ ನಿಂತವರಲ್ಲಿ ತಲೆಯ ಮೇಲೆ ಹೆಸರು ಬರೆದಿರುವುದು ಈ ಮ್ಯಾಕ್ಸಿಮಿಯನ್ನನಿಗೆ ಮಾತ್ರ. ಇನ್ನೂ ಅನುಮಾನವಿದ್ದರೆ ಕಣ್ಣೆತ್ತಿ ನೋಡಿ: 532ರಲ್ಲೇ ತೀರಿಕೊಂಡಿದ್ದ ಎಕ್ಲೇಸಿಯಸ್ ಅಲ್ಲಿ ಪೂರ್ಣಗೊಂಡ ಚರ್ಚಿನ ಮಾದರಿಯನ್ನು ಕ್ರಿಸ್ತನಿಗೆ ಅರ್ಪಿಸುತ್ತಿದ್ದಾನೆ. ಯಾರು ಯಾವಾಗ ಎಲ್ಲಿದ್ದರು ಎಂಬುದು ಆ ಕಲಾವಿದರ ವಿಷಯವೇ ಆಗಿರಲಿಲ್ಲ. ಹೊಸದಾಗಿ ಗೆದ್ದ ನಗರದಲ್ಲಿ, ದೂರದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕುಳಿತ ಅರಸನನ್ನು ದೇವರ ಸನ್ನಿಧಿಯಲ್ಲಿ ಕಾಯಂ ಆಗಿ ನಿಲ್ಲಿಸುವುದು ಅವರ ಕೆಲಸವಾಗಿತ್ತು.

ಹಾಗಾದರೆ ನಿಜವಾಗಿಯೂ ಇಲ್ಲಿ ಬಾಳಿ ಆಳಿದ ಗಾತ್ ದೊರೆ ಥಿಯೊಡೊರಿಕ್‌ನ ಚಿತ್ರ ಏನಾಯಿತು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಸಾಂತಪೊಲ್ಲಿನಾರೆ ನುವೊವೊ ಅವನ ಅರಮನೆಯ ಚರ್ಚ್. ಅವನು ಕ್ರಿಸ್ತನನ್ನು ದೇವರಿಗೆ ಸಮಾನನೆಂದು ಒಪ್ಪದ, ಕ್ಯಾಥೊಲಿಕರು ಧರ್ಮವಿರೋಧಿ ಎಂದು ಎಣಿಸುತ್ತಿದ್ದ ಏರಿಯನ್ ಪಂಥದವನಾದ್ದರಿಂದ ಬಿಷಪ್ ಆಗ್ನೆಲ್ಲಸ್‌ನ ಕಾಲದಲ್ಲಿ ಆ ಚರ್ಚನ್ನು ಕ್ಯಾಥೊಲಿಕ್ ಆರಾಧನೆಗೆ ಒಪ್ಪಿಸಿ, ಅರಮನೆಯನ್ನು ಚಿತ್ರಿಸಿದ ಅಲ್ಲಿನ ಮೊಸಾಯಿಕ್ಕಿನಲ್ಲಿದ್ದ ಆಕೃತಿಗಳನ್ನು ಕಿತ್ತು, ಆ ಜಾಗಗಳಲ್ಲಿ ಪರದೆಗಳನ್ನು ಕೂರಿಸಿದರು. ಬಲಗೋಡೆಯಲ್ಲಿ, ಬಾಗಿಲಿನ ಕಡೆಗಿರುವ ಆ ಮೊಸಾಯಿಕ್ಕಿನಲ್ಲಿ ಚಿತ್ರಿಸಿದ ಕಂಬಗಳನ್ನು ಸಾವಧಾನವಾಗಿ ನೋಡಿ. ತೆಗೆಯದೆ ಉಳಿದ ಕೆಲವು ಕೈಗಳು ಈಗಲೂ ಅಲ್ಲಿವೆ. ಮೊಸಾಯಿಕ್ ಎತ್ತರದಲ್ಲಿರುವುದರಿಂದ ದುರ್ಬೀನು ಒಯ್ಯುವುದು ಒಳ್ಳೆಯದು.