ಸ್ಟೇಟಸ್ ಕನ್ಫೆಷನಿಸ್: ಸಭೆ ಸುಮ್ಮನಿರಲಾಗದ ಗಳಿಗೆ

ಪಂಕ್ತಿಭೇದ ಅಂದರೆ ಏನು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಊಟ ಒಂದೇ, ಕೂರುವ ಸಾಲು ಬೇರೆ. ದಕ್ಷಿಣ ಆಫ್ರಿಕಾದ ಚರ್ಚಿನೊಳಗೆ ಬಣ್ಣದ ಗೋಡೆ ಎದ್ದದ್ದೂ ಊಟದ ವಿಷಯದಲ್ಲೇ, ಅದೂ ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯಲ್ಲಿ. ಆ ಗೋಡೆ ಕೆಡವಲು ಅಲ್ಲಿನ ಕ್ರೈಸ್ತರು ಹಿಡಿದ ಒಂದು ಹಳೆಯ ಲ್ಯಾಟಿನ್ ಮಾತೇ ‘ಸ್ಟೇಟಸ್ ಕನ್ಫೆಷನಿಸ್’.

ಅರ್ಥ: ನಂಬಿಕೆಯನ್ನು ಬಾಯಿಬಿಟ್ಟು ಹೇಳಲೇಬೇಕಾದ ಸ್ಥಿತಿ. ಇದರ ಬೇರು 16ನೇ ಶತಮಾನದ ಜರ್ಮನಿಯಲ್ಲಿದೆ. 1548ರಲ್ಲಿ ಚಕ್ರವರ್ತಿಯ ಒತ್ತಡದಿಂದ ಲೂಥರನ್ ಸಭೆಗಳು, ಅಂದರೆ ಲೂಥರನ ಹಾದಿ ಹಿಡಿದ ಪ್ರೊಟೆಸ್ಟೆಂಟ್ ಚರ್ಚುಗಳು, ಕೆಲವು ಹಳೆಯ ಕ್ಯಾಥೊಲಿಕ್ ಆಚರಣೆಗಳಿಗೆ ಮರಳಬೇಕಾಯಿತು. ಪಾದ್ರಿ ಯಾವ ನಿಲುವಂಗಿ ತೊಡಬೇಕು ಎಂಬಂಥ ಸಂಗತಿಗಳು ಇವು. ಹೀಗೂ ಇರಬಹುದು, ಹಾಗೂ ಇರಬಹುದು. ಅದಕ್ಕೇಕೆ ಜಗಳ ಅಂದರು ಕೆಲವರು. ಫ್ಲಾಸಿಯಸ್ ಎಂಬ ಪಂಡಿತ ಒಪ್ಪಲಿಲ್ಲ. ನಂಬಿಕೆಯ ಮೇಲೆ ಬಲಾತ್ಕಾರ ನಡೆಯುವಾಗ ಯಾವುದೂ ಸಣ್ಣ ವಿಷಯವಲ್ಲ ಎಂದ. ಮುಂದೆ 1933ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಯೆಹೂದಿ ಮೂಲದವರನ್ನು ಸಭೆಯಿಂದ ದೂರವಿಡುವ ಮಾತು ಬಂದಾಗ, ದೇವಶಾಸ್ತ್ರಜ್ಞ ಬೋನ್‌ಹಾಫರ್ ಈ ಪದವನ್ನು ಮತ್ತೆ ಹೊರತೆಗೆದರು.

ಈಗ ದಕ್ಷಿಣ ಆಫ್ರಿಕಾಕ್ಕೆ ಬನ್ನಿ. ಡಚ್ ವಲಸಿಗರು ಅಲ್ಲಿಗೆ ತಂದ ಪ್ರೊಟೆಸ್ಟೆಂಟ್ ಚರ್ಚಾದ ಡಚ್ ರಿಫಾರ್ಮ್ಡ್ ಚರ್ಚು 1829ರಲ್ಲಿ ಸ್ಪಷ್ಟವಾಗಿ ಹೇಳಿತ್ತು: ಮೈಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಕರ್ತನ ಭೋಜನ, ಇದು ದೇವರ ವಾಕ್ಯದ ಮೇಲೆ ನಿಂತ ನಿಯಮ. ಆದರೆ ಕೆಲವು ಬಿಳಿಯರಿಗೆ ಕರಿಯರ ಜೊತೆ ಒಂದೇ ಬಟ್ಟಲಿನಲ್ಲಿ ಕುಡಿಯಲು ಮನಸ್ಸಿಲ್ಲ. 1857ರಲ್ಲಿ ಸಿನೊಡ್, ಅಂದರೆ ಚರ್ಚಿನ ಆಡಳಿತ ಸಭೆ, ಬಗ್ಗಿತು. ಎಲ್ಲರೂ ಕೂಡಿ ಆರಾಧಿಸುವುದೇ ಸರಿ, ಆದರೂ ‘ಕೆಲವರ ಬಲಹೀನತೆಯ ನಿಮಿತ್ತ’ ಬೇರೆ ಕಟ್ಟಡದಲ್ಲಿ ಆರಾಧಿಸಬಹುದು ಎಂದಿತು. ಓದುವಾಗ ಹೊಟ್ಟೆ ಉರಿಯುತ್ತದೆ. ಬಲಹೀನತೆ ಬಿಳಿಯರದು, ಹೊರಗೆ ಹೋಗಬೇಕಾದವರು ಕರಿಯರು! 1881ರ ಹೊತ್ತಿಗೆ ಬೇರೆ ಕಟ್ಟಡ ಹೋಗಿ ಬೇರೆ ಚರ್ಚೇ ಆಯಿತು. 1948ರಲ್ಲಿ ಅಪಾರ್ಥೈಡ್, ಅಂದರೆ ಕಾನೂನಿನ ಬಲದ ವರ್ಣಭೇದ ನೀತಿ, ತಂದ ಸರ್ಕಾರದ ಪ್ರಧಾನಿ ಡಿ.ಎಫ್. ಮಲಾನ್ ಇದೇ ಚರ್ಚಿನ ಸಭಾಪಾಲಕರಾಗಿದ್ದವರು. ದೇವರು ಜನರ ಭಾಷೆ ಬೇರೆ ಬೇರೆ ಮಾಡಿ ಚದುರಿಸಿದ ಬೈಬಲಿನ ಬಾಬೆಲ್ ಗೋಪುರದ ಕಥೆ ತೋರಿಸಿ, ಜನಾಂಗಗಳು ಬೇರೆಯಾಗಿರುವುದೇ ದೇವರ ಇಷ್ಟ ಅಂತ ಬೋಧಿಸಲಾಯಿತು.

ಇಲ್ಲಿಯೇ ಈ ಪದದ ಬಲ ಕಾಣುತ್ತದೆ. ಅಪಾರ್ಥೈಡ್ ಕೆಟ್ಟ ರಾಜಕೀಯ ಅಂದರೆ, ‘ನಿಮ್ಮ ಅಭಿಪ್ರಾಯ ನಿಮಗೆ, ನಮ್ಮದು ನಮಗೆ’ ಅಂತ ಜಾರಿಕೊಳ್ಳಬಹುದು. ಸ್ಟೇಟಸ್ ಕನ್ಫೆಷನಿಸ್ ಘೋಷಿಸಿದರೆ ಆ ದಾರಿ ಮುಚ್ಚುತ್ತದೆ. ಆಗ ಅಪಾರ್ಥೈಡನ್ನು ಒಪ್ಪಿದವರು ಕ್ರಿಸ್ತನ ಸುವಾರ್ತೆಯನ್ನೇ ಅಲ್ಲಗಳೆದಂತೆ. ಲೂಥರನ್ ವರ್ಲ್ಡ್ ಫೆಡರೇಶನ್ 1977ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಹೀಗೆ ಘೋಷಿಸಿತು. 1982ರ ಆಗಸ್ಟ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ರಿಫಾರ್ಮ್ಡ್ ಚರ್ಚುಗಳ ಜಾಗತಿಕ ಒಕ್ಕೂಟ ಸೇರಿತು. ಅಲ್ಲಿ ದಕ್ಷಿಣ ಆಫ್ರಿಕಾದ ಕೆಲವು ಕರಿಯ ಪ್ರತಿನಿಧಿಗಳು ಕರ್ತನ ಭೋಜನಕ್ಕೆ ಏಳಲಿಲ್ಲ. ನಮ್ಮ ದೇಶದಲ್ಲಿ ನಮ್ಮನ್ನು ಮೇಜಿಗೆ ಸೇರಿಸದವರ ಜೊತೆ ಇಲ್ಲಿ ಹೇಗೆ ಉಣ್ಣುವುದು ಎಂಬುದು ಅವರ ನೋವು. 1857ರ ಗಾಯ ಆ ದಿನ ಇಡೀ ಜಗತ್ತಿನ ಕಣ್ಣಿಗೆ ಬಿತ್ತು. ಒಕ್ಕೂಟ ಅಪಾರ್ಥೈಡನ್ನು ಪಾಪವೆಂದೂ, ಅದನ್ನು ಬೈಬಲಿನಿಂದ ಸಮರ್ಥಿಸುವುದು ಸುಳ್ಳು ಬೋಧನೆಯೆಂದೂ ಸಾರಿತು. ಎರಡು ಬಿಳಿಯರ ಚರ್ಚುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಕರಿಯ ಸಭಾಪಾಲಕ ಅಲನ್ ಬುಸಾಕ್ ಅಧ್ಯಕ್ಷರಾದರು.

ಅದೇ ವರ್ಷ ಕೇಪ್‌ಟೌನ್ ಹತ್ತಿರದ ಬೆಲ್ಹಾರ್‌ನಲ್ಲಿ, 1881ರಲ್ಲಿ ಬೇರೆ ಮಾಡಲಾಗಿದ್ದ ಆ ಚರ್ಚಿನ ಸಿನೊಡ್ ಕೂಡಿತು. ಅಲ್ಲಿ ಸಿದ್ಧವಾದ ಬೆಲ್ಹಾರ್ ವಿಶ್ವಾಸ ಪ್ರಮಾಣ 1986ರಲ್ಲಿ ಅಂಗೀಕಾರವಾಯಿತು. ಐಕ್ಯ, ಸಂಧಾನ, ನ್ಯಾಯ ಇವು ಮೂರೇ ಅದರ ತಿರುಳು. ದೇವರು ವಿಶೇಷವಾಗಿ ಬಡವರ, ಅನ್ಯಾಯಕ್ಕೆ ಒಳಗಾದವರ ದೇವರು ಎಂಬ ಸಾಲಿಗೆ ಜಾಸ್ತಿ ತಕರಾರು ಬಂತು. ನನಗೆ ಮಾತ್ರ ಅದೇ ಅದರ ಜೀವ ಅನಿಸುತ್ತದೆ.

ಆ ಪ್ರಮಾಣದ ಜೊತೆ ಒಂದು ಪತ್ರವನ್ನೂ ಇಟ್ಟಿದ್ದರು. ತುಳಿತಕ್ಕೆ ಸಿಕ್ಕವರೇ ಬರೆದದ್ದು. ಆದರೂ ಅದರಲ್ಲಿ ಅವರು ಹೇಳಿಕೊಂಡರು: ನಮ್ಮಲ್ಲಿ ಯಾರೂ ಮೊದಲ ಕಲ್ಲು ಎಸೆಯಲಾರೆವು, ನಮ್ಮ ಕಣ್ಣಿನಲ್ಲೂ ತೊಲೆ ಇದೆ, ಅಂದರೆ ತಪ್ಪು ನಮ್ಮಲ್ಲೂ ಇದೆ.