ಎಂಡೊ ‘ಜಪಾನಿನ ಗ್ರಹಾಂ ಗ್ರೀನ್’ ಅಲ್ಲ

ಪ್ರಶ್ನೆ: ಜಪಾನೀ ಕಾದಂಬರಿಕಾರ ಶುಸಾಕು ಎಂಡೊ ಅವರ ‘ಸೈಲೆನ್ಸ್’ ಓದಿದೆ. ಇದು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ‘ದ ಪವರ್ ಆ್ಯಂಡ್ ದ ಗ್ಲೋರಿ’ಯ ಜಪಾನೀ ರೂಪ ತಾನೇ? ಎರಡನ್ನೂ ಓದಬೇಕಾ?

ಎರಡನ್ನೂ ಓದಿ. ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ತಪ್ಪಿದೆ. ಇವತ್ತು ಬಿಡಿಸಿ ಹೇಳಿಬಿಡುತ್ತೇನೆ.

ಹೋಲಿಕೆ ಇದೆ, ನಿಜ. ಎರಡರಲ್ಲೂ ಸರ್ಕಾರ ಪಾದ್ರಿಗಳ ಬೆನ್ನು ಹತ್ತಿದೆ. ತಲೆಮರೆಸಿಕೊಂಡ ಒಬ್ಬ ಪಾದ್ರಿ, ಅವನನ್ನು ಹಿಡಿದುಕೊಡುವ ಒಬ್ಬ ಯೂದ. ಗ್ರೀನ್ ಕಾದಂಬರಿ 1940ರದ್ದು, ಎಂಡೊ ಕಾದಂಬರಿ 1966ರದ್ದು. ಎಂಡೊ ಗ್ರೀನ್ ಅವರನ್ನು ಆಸೆಯಿಂದ ಓದುತ್ತಿದ್ದರು, ಗ್ರೀನ್ ಎಂಡೊ ಅವರನ್ನು ಮೆಚ್ಚಿ ಮಾತಾಡಿದ್ದರು. ಇಷ್ಟು ಸಾಕಾಯಿತು, ‘ಜಪಾನಿನ ಗ್ರೀನ್’ ಅನ್ನುವ ಹಣೆಪಟ್ಟಿ ಅಂಟಿಕೊಂಡಿತು.

ಕಥೆಯ ಹೊರಗೋಡೆ ನೋಡಿ ಮನೆ ಒಂದೇ ಅನ್ನಬೇಡಿ. ಒಳಗೆ ಬನ್ನಿ.

ಗ್ರೀನ್‌ನ ಪಾದ್ರಿ ಕುಡುಕ. ಅವನಿಗೊಬ್ಬಳು ಮಗಳೂ ಇದ್ದಾಳೆ. ಕಥೆ ನಡೆಯುವ ಮೆಕ್ಸಿಕೋದ ರಾಜ್ಯದಲ್ಲಿ ಮದ್ಯಕ್ಕೂ ನಿಷೇಧ, ಇಗರ್ಜಿಯ ಬಲಿಪೂಜೆಗೂ (ಮಾಸ್) ನಿಷೇಧ. ಕದ್ದುಮುಚ್ಚಿ, ಇದ್ದ ದುಡ್ಡು ಸುರಿದು, ಪೂಜೆಗೆಂದು ಒಂದು ಬಾಟಲಿ ದ್ರಾಕ್ಷಾರಸ ಕೊಳ್ಳುತ್ತಾನೆ. ಮಾರಿದವನು ಅಲ್ಲೇ ಕೂತುಬಿಡುತ್ತಾನೆ. ಮರ್ಯಾದೆಗೆ ಒಂದು ಗುಟುಕು ಕೊಡಲೇಬೇಕು. ಮತ್ತೊಬ್ಬ ಅಧಿಕಾರಿ ಬರುತ್ತಾನೆ. ಇಬ್ಬರೂ ಸೇರಿ ಬಾಟಲಿ ಖಾಲಿ ಮಾಡುತ್ತಾರೆ. ಪಾದ್ರಿ ಎದುರಲ್ಲೇ ಕೂತು ಅಳುತ್ತಾನೆ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಯಾಕೆ ಅಳುತ್ತಾನೆ? ತನ್ನಂಥ ಕುಡುಕನ ಕೈಯಲ್ಲೂ ಆ ರಸ ಕ್ರಿಸ್ತನ ರಕ್ತವಾಗುತ್ತದೆ ಎಂದು ಅವನಿಗೆ ಚೂರೂ ಅನುಮಾನವಿಲ್ಲ. ದೇವರು ಇದ್ದಾನೆ. ಅದೇ ಅವನ ಸಂಕಟ.

ಈಗ ನಾಗಸಾಕಿಯ ಸೆರೆಮನೆಗೆ ಬನ್ನಿ. ಕತ್ತಲ ಕೋಣೆಯಲ್ಲಿ ‘ಸೈಲೆನ್ಸ್’ನ ಪಾದ್ರಿ ರೊಡ್ರಿಗಸ್‌ಗೆ ಯಾರೋ ಗೊರಕೆ ಹೊಡೆಯುವ ಸದ್ದು ಕೇಳುತ್ತದೆ. ತಾನು ಸಾವಿಗೆ ಸಿದ್ಧನಾಗುತ್ತಿರುವ ಹೊತ್ತಲ್ಲಿ ಕಾವಲುಗಾರನಿಗೆ ನಿದ್ದೆ ಎಂದು ಸಿಟ್ಟು ಬರುತ್ತದೆ. ಆಮೇಲೆ ಗೊತ್ತಾಗುತ್ತದೆ, ಅದು ಗೊರಕೆ ಅಲ್ಲ. ಗುಂಡಿಯಲ್ಲಿ ತಲೆಕೆಳಗಾಗಿ ನೇತುಹಾಕಿದ ರೈತರ ನರಳಾಟ. ಅವರು ಆಗಲೇ ಧರ್ಮ ಬಿಟ್ಟಿದ್ದೇವೆ ಎಂದಾಗಿದೆ. ಆದರೂ ಪಾದ್ರಿ ತಾನೂ ಧರ್ಮ ಬಿಟ್ಟೆ ಎಂಬ ಗುರುತಿಗೆ ಕ್ರಿಸ್ತನ ಚಿತ್ರ ತುಳಿಯುವವರೆಗೆ ಅವರನ್ನು ಇಳಿಸುವುದಿಲ್ಲ. ದೇವರು ತುಟಿ ಪಿಟಕ್ಕೆನ್ನುವುದಿಲ್ಲ.

ಗ್ರೀನ್‌ನಲ್ಲೂ ಪಾದ್ರಿಯ ದೆಸೆಯಿಂದ ಹಳ್ಳಿಯವರು ಸಾಯುತ್ತಾರೆ. ಆದರೆ ಅವನು ಪಾದ್ರಿಯಾಗಿಯೇ ಬಂದೂಕಿನ ಗುಂಡಿಗೆ ಎದೆಕೊಡುತ್ತಾನೆ. ರೊಡ್ರಿಗಸ್ ತುಳಿಯುತ್ತಾನೆ. ತುಳಿದು, ಜಪಾನೀ ಹೆಸರು ಹೊತ್ತು, ವರ್ಷಾನುಗಟ್ಟಲೆ ಬದುಕುತ್ತಾನೆ. ಸಾಯುವುದು ಬೇರೆ, ಹೀಗೆ ಬದುಕುವುದು ಬೇರೆ, ಅಲ್ವಾ?

ಎಂಡೊಗೆ ಈ ಕಥೆ ಹೊಳೆದದ್ದು ಮೆಕ್ಸಿಕೋದಿಂದ ಅಲ್ಲ. ನಾಗಸಾಕಿಯಲ್ಲಿ ಅವರು ಒಂದು ಹಳೆಯ ಫುಮಿ-ಎ ನೋಡಿದರು. ಮರದ ಚೌಕಟ್ಟಿನಲ್ಲಿ ಕೂರಿಸಿದ ಲೋಹದ ಕ್ರಿಸ್ತ, ಜನ ತುಳಿಯಲಿಕ್ಕೆಂದೇ ಮಾಡಿದ್ದು. ಆ ಮರದ ಮೇಲೆ ಕಾಲ್ಬೆರಳುಗಳ ಕಪ್ಪು ಗುರುತು ಉಳಿದಿತ್ತು. ತುಳಿದವರು ಯಾರು, ತುಳಿಯುವಾಗ ಅವರ ಎದೆಯಲ್ಲಿ ಏನಿತ್ತು? ಕಾದಂಬರಿ ಹುಟ್ಟಿದ್ದು ಅಲ್ಲಿ. 1614ರಿಂದ 1873ರವರೆಗೆ ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧವಿತ್ತು. ಎಷ್ಟೋ ಮನೆಯವರು ಊರೆದುರು ತುಳಿದು, ಮನೆಗೆ ಬಂದು ಗುಟ್ಟಾಗಿ ಕ್ಷಮೆ ಬೇಡುತ್ತಿದ್ದರು. ಮಕ್ಕಳಿಗೂ ಅದನ್ನೇ ಕಲಿಸಿದರು. ಹುತಾತ್ಮರ ಚರಿತ್ರೆ ಬರೆಯುವವರು ಸಿಗುತ್ತಾರೆ. ತುಳಿದವರ ಚರಿತ್ರೆ ಯಾರು ಬರೆಯುತ್ತಾರೆ?

ಗ್ರೀನ್ ಕ್ಯಾಥೊಲಿಕ್ ಆದದ್ದು 1926ರಲ್ಲಿ, ಮದುವೆಯಾಗಲಿದ್ದ ಹುಡುಗಿಯ ಧರ್ಮ ಅದು ಅಂತ. ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಬರೆದ ಈವ್ಲಿನ್ ವಾ ಸೇರಿದ್ದು 1930ರಲ್ಲಿ. ಇಬ್ಬರೂ ದೊಡ್ಡವರಾದ ಮೇಲೆ ತಾವಾಗಿ ಒಳಗೆ ಬಂದವರು. ಎಂಡೊಗೆ ದೀಕ್ಷಾಸ್ನಾನವಾದದ್ದು ಹುಡುಗನಾಗಿದ್ದಾಗ, ಅಮ್ಮನ ಇಚ್ಛೆಯಂತೆ. ಅಮ್ಮ ತೊಡಿಸಿದ ವಿಲಾಯತಿ ಬಟ್ಟೆ ಮೈಗೆ ಹೊಂದಲಿಲ್ಲ, ಅಮ್ಮನ ಮೇಲಿನ ಪ್ರೀತಿಗೆ ಬಿಚ್ಚಲೂ ಆಗಲಿಲ್ಲ ಎಂಬರ್ಥದ ಮಾತನ್ನು ಅವರು ಮತ್ತೆಮತ್ತೆ ಹೇಳುತ್ತಿದ್ದರು. ಹರಿದು, ಕತ್ತರಿಸಿ ಕಿಮೋನೊ ಮಾಡಿಕೊಳ್ಳಲು ಬದುಕಿಡೀ ಬರೆದರು. ಗ್ರೀನ್‌ಗೆ ಈ ದರ್ಜಿ ಕೆಲಸ ಇರಲೇ ಇಲ್ಲ.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಇಗರ್ಜಿಗೆ ಹೋದವರೂ ಗುಡಿಗೆ ಹೋದವರೂ ‘ದೇವರೇ’ ಅಂತಲೇ ಕೂಗುತ್ತಾರೆ. ಜಪಾನಿನಲ್ಲಿ ಆ ಪದವೇ ಪೇಚಾಯಿತು. 1549ರಲ್ಲಿ ಧರ್ಮಪ್ರಚಾರಕ್ಕೆ ಅಲ್ಲಿಗೆ ಹೋದ ಪಾದ್ರಿ ಫ್ರಾನ್ಸಿಸ್ ಸೇವಿಯರ್‌ಗೆ ಪದ ಹುಡುಕಿಕೊಟ್ಟವನು ಗೋವಾದಲ್ಲಿ ಓದಿದ ಜಪಾನೀಯ ಆಂಜಿರೊ. ಅವನು ಕೊಟ್ಟ ಪದ ‘ದೈನಿಚಿ’. ಅದು ಬೌದ್ಧರ ಮಹಾಸೂರ್ಯ ಬುದ್ಧನ ಹೆಸರು. ತಪ್ಪು ತಿಳಿದ ಮೇಲೆ ಲ್ಯಾಟಿನ್‌ನ ‘ದೇವುಸ್’ ಪದವನ್ನೇ ಇಟ್ಟುಕೊಂಡರು. ‘ಸೈಲೆನ್ಸ್’ನಲ್ಲಿ ಹಿಂಸೆಗೆ ಸೋತು ಧರ್ಮ ಬಿಟ್ಟ ಗುರು ಫೆರೇರಾ ಶಿಷ್ಯ ರೊಡ್ರಿಗಸ್‌ನ ಮುಂದೆ ಎತ್ತುವುದು ಈ ಕಥೆಯನ್ನೇ: ಇವರು ಪೂಜಿಸಿದ್ದು ನಮ್ಮ ದೇವರನ್ನಲ್ಲ.

ಎಂಡೊಗೆ ಆ ಮಾತು ಕೊನೆತನಕ ಬಿಡಲಿಲ್ಲ. 1993ರ ‘ಡೀಪ್ ರಿವರ್’ನಲ್ಲಿ ಓತ್ಸು ಎಂಬವನಿದ್ದಾನೆ. ದೇವರು ಅನ್ನುವ ಪದ ಬೇಡ ಅನ್ನುವ ಗೆಳತಿಗೆ ಅವನು, ಹಾಗಾದರೆ ಈರುಳ್ಳಿ ಅನ್ನು, ಅನ್ನುತ್ತಾನೆ. ಆಮೇಲೆ ಇಬ್ಬರ ನಡುವೆ ದೇವರ ಹೆಸರು ಈರುಳ್ಳಿ. ಆ ಓತ್ಸು ಕಡೆಗೆ ಸಿಗುವುದು ವಾರಾಣಸಿಯಲ್ಲಿ, ಬೀದಿಯಲ್ಲಿ ಬಿದ್ದವರನ್ನು ಬೆನ್ನ ಮೇಲೆ ಹೊತ್ತು ಗಂಗೆಯ ಕಡೆ ನಡೆಯುತ್ತಾ.